ಬೀಗ ತೆಗೆಯಲು ಒಬ್ಬರು ಬೇಕು

ನಮ್ಮ ಶಾಲೆಯ ಗ್ರಂಥಾಲಯವೆಂದರೆ ಮುಖ್ಯ ಶಿಕ್ಷಕರ ಕೊಠಡಿಯಲ್ಲಿರುವ ಎರಡು ಬೀರು, ವರಾಂಡದಲ್ಲಿ ಕಿಟಕಿಯಿಂದ ಕಿಟಕಿಗೆ ಕಟ್ಟಿದ ಒಂದು ಹಗ್ಗ ಮತ್ತು ಆ ಹಗ್ಗಕ್ಕೆ ಇಳಿಬಿಟ್ಟ ನಲವತ್ತು ಚಿಲ್ಲರೆ ಕಥೆಪುಸ್ತಕಗಳು. ಇದರ ಪ್ರಭಾರ ಏಳು ವರ್ಷಗಳಿಂದ ನನ್ನದು. ನಾನು ಗ್ರಂಥಾಲಯ ವಿಜ್ಞಾನ ಓದಿದವಳಲ್ಲ. ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತಾ, ಬಿಸಿಯೂಟದ ಲೆಕ್ಕ ನೋಡುತ್ತಾ, ಉಳಿದ ಹೊತ್ತಿನಲ್ಲಿ ಪುಸ್ತಕ ಕೊಡುವವಳು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿರುವ ಹೆಚ್ಚಿನವರ ಸ್ಥಿತಿ ಇದೇ.

ಕಳೆದ ತಿಂಗಳ ಕ್ಲಸ್ಟರ್ (ಸುತ್ತಮುತ್ತಲ ಶಾಲೆಗಳ ಗುಂಪು) ಸಮಾಲೋಚನಾ ಸಭೆಯಲ್ಲಿ, ಊಟದ ನಂತರದ ಒಂದು ಗಂಟೆಯನ್ನು ನಾವು ಗ್ರಂಥಾಲಯದ ಪ್ರಭಾರದಲ್ಲಿರುವವರು ಕೇಳಿ ಪಡೆದುಕೊಂಡೆವು. ಯಾರು ಯಾವ ಉಪಾಯ ಕಂಡುಕೊಂಡಿದ್ದಾರೋ ಅದನ್ನು ಉಳಿದವರಿಗೆ ತೋರಿಸಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಪಕ್ಕದ ಊರಿನ ಶಾಲೆಯ ಮೇಡಂ ಒಬ್ಬರು ತೋರಿಸಿದ್ದು ಇನ್ನೂ ನನ್ನ ಕಣ್ಣಮುಂದಿದೆ. ಅವರ ಶಾಲೆಯಲ್ಲಿ ಪುಸ್ತಕ ತೆಗೆದುಕೊಂಡ ಮಗು ಅದರ ಮುಖಪುಟವನ್ನು ಎದೆಯ ಬಳಿ ಹಿಡಿದು ನಿಲ್ಲುತ್ತದೆ, ಮೇಡಂ ಶಾಲೆಯ ಟ್ಯಾಬಿನಲ್ಲಿ ಒಂದು ಫೋಟೊ ತೆಗೆಯುತ್ತಾರೆ, ಮುಂದಿನ ಮಗು ಬರುತ್ತದೆ. ಸಂಜೆ ಆ ಫೋಟೊಗಳನ್ನು ನೋಡಿಕೊಂಡು ವಿತರಣೆಯ ಪಟ್ಟಿ ತುಂಬುತ್ತಾರೆ, ಪುಸ್ತಕ ಮರಳಿದ ಮೇಲೆ ಫೋಟೊ ಅಳಿಸುತ್ತಾರೆ. ಮಕ್ಕಳ ಫೋಟೊ ಯಾವ ಗ್ರೂಪಿಗೂ ಹೋಗಬಾರದೆಂದು ಅವರು ಎರಡೆರಡು ಬಾರಿ ಎಚ್ಚರಿಸಿದರು. ನಾನು ನಲವತ್ತು ನಿಮಿಷದ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಹಿಯಲ್ಲಿ ಹೆಸರು, ತರಗತಿ, ಪುಸ್ತಕದ ಸಂಖ್ಯೆ ಬರೆಯುವುದರಲ್ಲೇ ಕಳೆಯುತ್ತಿದ್ದೆ. ಸಾಲಿನ ಕೊನೆಯಲ್ಲಿ ನಿಂತ ಮಕ್ಕಳಿಗೆ ಪುಸ್ತಕ ಸಿಗುವ ಮೊದಲೇ ಗಂಟೆ ಹೊಡೆಯುತ್ತಿತ್ತು. ಈಗ ಆ ಹೊತ್ತು ನನಗೆ ಉಳಿದಿದೆ, ಒಂದು ಕಥೆಯನ್ನು ಪೂರ್ತಿ ಓದಿ ಹೇಳುವಷ್ಟು.

ಇನ್ನೊಬ್ಬ ಶಿಕ್ಷಕರು ಬಿಡಿಸಿದ್ದು ಕನ್ನಡ ಬೆರಳಚ್ಚಿಗೆ ಬಳಸುವ ನುಡಿ ತಂತ್ರಾಂಶದ ಗಂಟನ್ನು. ನಮ್ಮ ಎಷ್ಟೋ ಪುಸ್ತಕಪಟ್ಟಿಗಳು ಯೂನಿಕೋಡ್ (ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಅರ್ಥವಾಗುವ ಅಕ್ಷರಸಂಕೇತ) ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾಗಿವೆ. ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ. ಉಚಿತವಾಗಿ ಸಿಗುವ ಪರಿವರ್ತಕದಲ್ಲಿ ಅದನ್ನು ಯೂನಿಕೋಡಿಗೆ ಬದಲಿಸಿ ಗೂಗಲ್ ಶೀಟಿಗೆ ಹಾಕಿದರೆ 'ಆನೆ' ಎಂದು ಬರೆದೊಡನೆ ಆನೆಯ ಕಥೆಗಳೆಲ್ಲ ಬಂದು ನಿಲ್ಲುತ್ತವೆ. ಕೊಹಾದಂತಹ ಉಚಿತ ಗ್ರಂಥಾಲಯ ತಂತ್ರಾಂಶವನ್ನೇ ಬಳಸಬಾರದೇಕೆ ಎಂದು ಒಬ್ಬರು ಕೇಳಿದರು. ನನ್ನ ಅಭಿಪ್ರಾಯದಲ್ಲಿ ಏಳುನೂರು ಪುಸ್ತಕದ ಶಾಲೆಗೆ ಅದು ಬೇಡ, ಕಾಲೇಜಿಗೆ ಸರಿ. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ಸಿಗುತ್ತವೆ. ಅವನ್ನು ಸ್ಮಾರ್ಟ್ ಕ್ಲಾಸಿನ ಟಿವಿಯಲ್ಲಿ ದೊಡ್ಡದಾಗಿ ತೋರಿಸಿ ಇಡೀ ತರಗತಿಯೇ ಒಟ್ಟಿಗೆ ಓದುವಂತೆ ಮಾಡಬಹುದು.

ಇವೆಲ್ಲವೂ ಒಂದು ರೂಪಾಯಿ ಖರ್ಚಿಲ್ಲದ ಉಪಾಯಗಳು. ಆದರೆ ಇವನ್ನು ಕೇಳಿದ ಅಧಿಕಾರಿಗಳಾಗಲಿ ಊರಿನ ಹಿರಿಯರಾಗಲಿ "ಖರ್ಚಿಲ್ಲದೆ ನಡೆಯುತ್ತಿದೆಯಲ್ಲ, ಇನ್ನೇಕೆ ಅನುದಾನ?" ಎಂದು ಕೇಳುವ ಅಪಾಯವಿದೆ. ನಾನು ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಆ ಕಾರಣಕ್ಕೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ ಮತ್ತು ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳಿರಬೇಕು ಎನ್ನುತ್ತದೆ. ಅದೇ ಅನುಸೂಚಿಯು ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಹೆಸರಿಸುತ್ತದೆ. ಗ್ರಂಥಪಾಲಕರ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯು ಶಾಲೆಯ ಮಟ್ಟಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿಯವರೆಗೆ ಗ್ರಂಥಾಲಯ ಅನುದಾನ ನಿಗದಿಪಡಿಸಿತು. ಅದು ಒಳ್ಳೆಯ ಕೆಲಸವೆಂದು ನಾನು ಮನಸ್ಸಾರೆ ಒಪ್ಪುತ್ತೇನೆ. ಆದರೆ ಆ ಹಣ ಪುಸ್ತಕಕ್ಕೆ, ಪುಸ್ತಕವನ್ನು ಮಗುವಿನ ಕೈಗೆ ತಲುಪಿಸುವವರಿಗೆ ಅಲ್ಲ. ಇದೇ ಸರ್ಕಾರಿ ವ್ಯವಸ್ಥೆಯೊಳಗಿನ ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆಯಿದೆ. ನವೋದಯಕ್ಕೆ ಆಯ್ಕೆಯಾದ ನನ್ನ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಾಗ "ಮಿಸ್, ಅಲ್ಲಿ ಲೈಬ್ರರಿ ಸರ್ ಅಂತಲೇ ಒಬ್ಬರಿದ್ದಾರೆ, ನನಗೆ ಯಾವ ಪುಸ್ತಕ ಇಷ್ಟ ಅಂತ ಅವರಿಗೆ ಗೊತ್ತು" ಎಂದಳು. ಅವಳ ಜೊತೆ ಓದಿ ಇಲ್ಲಿಯೇ ಉಳಿದ ಮಕ್ಕಳಿಗೂ ಅಂಥವರೊಬ್ಬರು ಬೇಕಲ್ಲವೇ?

ಬೀಗದ ವಿಷಯವನ್ನೂ ಹೇಳಬೇಕು. ನಾನು ಹಿಂದೆ ಕೆಲಸ ಮಾಡಿದ ಶಾಲೆಯಿಂದ ವರ್ಗವಾಗಿ ಹೊರಟಾಗ, ಕಾರ್ಯಭಾರ ಹಸ್ತಾಂತರದ ದಿನ ದಾಸ್ತಾನು ವಹಿಗೆ ಹೋಲಿಸಿ ಹನ್ನೊಂದು ಪುಸ್ತಕ ಕಡಿಮೆಯಿದೆಯೆಂದು ಅವುಗಳ ಬೆಲೆಯನ್ನು ನನ್ನಿಂದ ಕಟ್ಟಿಸಿಕೊಂಡರು. ಹಣ ದೊಡ್ಡದಲ್ಲ. ಆದರೆ ಅಲ್ಲಿ ನಿಂತು ನೋಡುತ್ತಿದ್ದ, ನನ್ನ ನಂತರ ಪ್ರಭಾರ ವಹಿಸಿಕೊಂಡ ಕಿರಿಯ ಶಿಕ್ಷಕಿ ಮರುದಿನದಿಂದಲೇ ಬೀರುವಿಗೆ ಬೀಗ ಹಾಕಿದರೆಂದು ಕೇಳಿದೆ. ಅವರನ್ನು ನಾನು ದೂರಲಾರೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 215ನೇ ನಿಯಮವು, ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಆ ನಷ್ಟವನ್ನು ಸಹಜವೆಂದು ಪರಿಗಣಿಸಬಹುದು ಎಂದು ಬರೆದಿಟ್ಟಿದೆ. ಇಂತಹದೊಂದು ಮಾತನ್ನು, ಇನ್ನೂ ಸ್ವಲ್ಪ ಉದಾರವಾಗಿ, ನಮ್ಮ ಶಾಲೆಗಳಿಗೂ ಸ್ಪಷ್ಟವಾದ ಸುತ್ತೋಲೆಯಾಗಿ ಕಳುಹಿಸಿದರೆ ಎಷ್ಟೋ ಬೀಗಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಇರುವುದು ಬಳಕೆಗೆ ಎಂಬುದು. ಅವರು 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿದ್ದು ಬೆಂಗಳೂರಿನಲ್ಲಿ, 1972ರಲ್ಲಿ ಕಣ್ಣುಮುಚ್ಚಿದ್ದೂ ಅಲ್ಲಿಯೇ. ಅವರು ಬಾಳಿದ ಈ ನಾಡಿನ ಶಾಲೆಗಳಲ್ಲಿ ಪುಸ್ತಕಗಳು ಗಾಜಿನ ಹಿಂದೆ ಕುಳಿತಿರುವುದನ್ನು ನೆನೆದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಹಳೆಯದೊಂದು ಮಾದರಿಯಿದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲಾಗುತ್ತದೆ, ಈಗ ಅದು ಶೇ 6. ಅಂದರೆ ಓದಿಗಾಗಿ ತೆರಿಗೆ ಕೊಡುವುದು ನಮ್ಮ ಜನರಿಗೆ ಹೊಸದಲ್ಲ. ಆ ಕರ ಸಾರ್ವಜನಿಕ ಗ್ರಂಥಾಲಯಗಳಿಗೆ ಮೀಸಲಾದದ್ದು, ಅದನ್ನು ಕಿತ್ತು ಶಾಲೆಗೆ ಕೊಡಿ ಎಂದು ನಾನು ಕೇಳುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಏನು ಸಾಧ್ಯವೆಂಬುದನ್ನು ತೋರಿಸಿದೆ. ಅಲ್ಲಿ ಅದು ನಡೆದದ್ದು ಬಾಗಿಲು ತೆರೆದು ಕೂರುವ ಒಬ್ಬ ಮೇಲ್ವಿಚಾರಕರು ಇದ್ದುದರಿಂದ. ನನ್ನ ಬೇಡಿಕೆ ಇಷ್ಟೇ: ಪ್ರತಿ ಶಾಲೆಗೆ ಒಬ್ಬರು ಈಗಲೇ ಆಗದಿದ್ದರೆ, ಪ್ರತಿ ಕ್ಲಸ್ಟರಿಗೆ ಒಬ್ಬ ತರಬೇತಿ ಪಡೆದ ಗ್ರಂಥಪಾಲಕರನ್ನು ಕೊಡಿ, ಅವರು ದಿನಕ್ಕೊಂದು ಶಾಲೆಯಂತೆ ಸುತ್ತಲಿ. ನಮ್ಮ ವಿಶ್ವವಿದ್ಯಾಲಯಗಳಿಂದ ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಪಡೆದವರು ಪ್ರತಿ ವರ್ಷವೂ ಹೊರಬರುತ್ತಿದ್ದಾರೆ.

ಕೇಳುವಾಗ ಬರಿಗೈಯಲ್ಲಿ ಹೋಗಬಾರದು ಎಂಬುದನ್ನು ನಾನು ಈ ವರ್ಷ ಕಲಿತೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಗೂಗಲ್ ಶೀಟಿನಿಂದ ಒಂದೇ ಪುಟದ ಮುದ್ರಣ ತೆಗೆದುಕೊಂಡು ಹೋದೆ. ಆರು ತಿಂಗಳಲ್ಲಿ ಒಮ್ಮೆಯೂ ಹೊರಗೆ ಹೋಗದ ಪುಸ್ತಕಗಳು ಒಂದು ಕಡೆ, ಸರದಿ ಕಾಯಿಸಿದ ಪುಸ್ತಕಗಳು ಇನ್ನೊಂದು ಕಡೆ. ಮೊದಲ ಪಟ್ಟಿಯಲ್ಲಿದ್ದವುಗಳಲ್ಲಿ ಹೆಚ್ಚಿನವು ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕೆಂಬ ಅವಸರದಲ್ಲಿ ಕಟ್ಟುಕಟ್ಟಾಗಿ ಕೊಂಡವು. ಪಟ್ಟಿಯನ್ನು ಬಹಳ ಹೊತ್ತು ನೋಡಿದ ಸದಸ್ಯರೊಬ್ಬರು, ಕುರಿ ಸಾಕುವವರು, "ಮೇಡಂ, ಈ ಎರಡನೇ ಪಟ್ಟಿಯಾಗೆ ನನ್ನ ಮಗಳ ಹೆಸರು ನಾಕು ಸಲ ಐತಲ್ಲ" ಎಂದರು. ಆಮೇಲೆ ಅವರೇ ಮುಂದಾಗಿ ಠರಾವು ಬರೆಸಿದರು: ವರಾಂಡಕ್ಕೆ ಎರಡು ಚಾಪೆ, ಒಂದು ತೆರೆದ ಕಪಾಟು, ಮತ್ತು ಕ್ಲಸ್ಟರಿಗೆ ಗ್ರಂಥಪಾಲಕರನ್ನು ನೇಮಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ. ಚಾಪೆ ಬಂದಿವೆ. ಕಪಾಟನ್ನು ಊರಿನ ಬಡಗಿ ಮಾಡುತ್ತಿದ್ದಾರೆ. ಮನವಿಗೆ ಉತ್ತರ ಬಂದಿಲ್ಲ.

ಅದೇ ಮನವಿಯನ್ನು ನಮ್ಮ ಕ್ಲಸ್ಟರಿನ ಉಳಿದ ಶಾಲೆಗಳ ಎಸ್‌ಡಿಎಂಸಿಗಳೂ ಈ ತಿಂಗಳು ಕಳುಹಿಸಲಿವೆ. ಬೇರೆ ತಾಲ್ಲೂಕುಗಳಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿರುವ ಶಿಕ್ಷಕ ಮಿತ್ರರಿಗೆ ಬೇಕಿದ್ದರೆ ಶೀಟಿನ ನಮೂನೆಯನ್ನೂ ಠರಾವಿನ ಒಕ್ಕಣೆಯನ್ನೂ ಕಳುಹಿಸಿಕೊಡುತ್ತೇನೆ.