ಮೂಗಿನ ಸರ್ಜರಿ ಕೆಟ್ಟರೆ ಉಸಿರಾಟಕ್ಕೂ ಕ್ಲೇಮ್ ಇಲ್ವಾ?

ಕಾಸ್ಮೆಟಿಕ್ ಸರ್ಜರಿ ಮಾಡಿಸಿಕೊಂಡು ಯಾರಿಗಾದರೂ ತೊಂದರೆಯಾದರೆ ನಮ್ಮ ಜನ ಹೇಳುವುದು ಒಂದೇ ಮಾತು. ‘ಸುಮ್ನಿರಲಾರದೆ ಮೈಮೇಲೆ ಇರುವೆ ಬಿಟ್ಕೊಂಡ್ರು.’ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೊಜ್ಜು ತೆಗೆಸುವ ಸರ್ಜರಿಯ ನಂತರ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡರಲ್ಲ, ಆಗ ನಾನು ಓದಿದ ಕಾಮೆಂಟುಗಳಲ್ಲೂ ಇದೇ ಧಾಟಿ. ಓದಿ ಹೊಟ್ಟೆ ಉರಿದಿತ್ತು.

ಅದೇ ಮಾತನ್ನು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ನಯವಾಗಿ ಹೇಳುತ್ತಾರೆ. ‘ಕಾಸ್ಮೆಟಿಕ್ ಕವರ್ ಆಗಲ್ಲ ಮೇಡಂ.’

ನನ್ನ ಚಿಕ್ಕಮ್ಮನ ಮಗಳು ಮೂಗಿನ ಆಕಾರ ಸರಿಮಾಡಿಸಿಕೊಂಡಳು. ಖರ್ಚೆಲ್ಲ ಅವಳ ಸಂಬಳದ್ದೇ, ಯಾರ ಹತ್ತಿರವೂ ಕೈಚಾಚಲಿಲ್ಲ. ಕೆಲವು ತಿಂಗಳಲ್ಲಿ ಮೂಗಿನ ಒಳಗಿನ ನಡುಗೋಡೆ ವಾಲಿ ಒಂದು ಹೊಳ್ಳೆ ಪೂರ್ತಿ ಕಟ್ಟಿತು. ರಾತ್ರಿಯೆಲ್ಲ ಬಾಯಲ್ಲಿ ಉಸಿರಾಟ. ಬೆಳಗ್ಗೆ ಎದ್ದರೆ ಗಂಟಲು ಒಣಗಿ ಮಾತು ಹೊರಡುವುದಿಲ್ಲ. ಇಎನ್‌ಟಿ ಡಾಕ್ಟರು ಸರ್ಜರಿ ಆಗಲೇಬೇಕು ಅಂದರು. ಇನ್ಶೂರೆನ್ಸ್ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ ಕ್ಯಾಶ್‌ಲೆಸ್‌ಗೆ ಕಳಿಸಿದರೆ ರಿಜೆಕ್ಟ್ ಆಗಿ ಬಂತು. ಡೆಸ್ಕಿನ ಹುಡುಗ ಫಾರಂನಲ್ಲಿ ಹಳೇ ಸರ್ಜರಿಯ ಹೆಸರಿದ್ದ ಸಾಲಿನ ಕೆಳಗೆ ಪೆನ್ನಲ್ಲಿ ಗೆರೆ ಎಳೆದು ತೋರಿಸಿದ. ಉಸಿರಾಟದ ತೊಂದರೆ ಬಗ್ಗೆ ಡಾಕ್ಟರು ಬರೆದಿದ್ದು ಅದರ ಕೆಳಗೇ ಇತ್ತು. ಅದನ್ನು ಓದಿದವರೇ ಇಲ್ಲ.

ನಿಯಮ ಏನು ಹೇಳುತ್ತದೆ ನೋಡಿ. ಯಾವುದಕ್ಕೆ ಕ್ಲೇಮ್ ಇಲ್ಲ ಅನ್ನುವ ಪಟ್ಟಿಯನ್ನು ಇನ್ಶೂರೆನ್ಸ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರ ಮಾಡಿತು. ನಿಮ್ಮ ಪಾಲಿಸಿ ಪುಸ್ತಕದಲ್ಲಿ ‘ಎಕ್ಸ್‌ಕ್ಲ್ 08’ (Excl08) ಅನ್ನುವ ಕೋಡ್ ಹುಡುಕಿ. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ ಅಂತ ಶುರುವಾಗುತ್ತದೆ, ನಿಜ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಸರಿಪಡಿಸುವ ಸರ್ಜರಿಗೆ ಕೊಡಬೇಕು. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇದ್ದು, ಅದನ್ನು ತೆಗೆಯಲು ಸರ್ಜರಿ ಬೇಕು ಅಂತ ಚಿಕಿತ್ಸೆ ಕೊಡುವ ಡಾಕ್ಟರು ಬರೆದುಕೊಟ್ಟರೂ ಕೊಡಬೇಕು. ಮೊದಲು ಕಾಸ್ಮೆಟಿಕ್ ಆಗಿದ್ದರೆ ಆಮೇಲೆ ಬಂದ ಕಾಯಿಲೆಗೆ ಕೊಡಬೇಡಿ ಅಂತ ಈ ಕೋಡ್‌ನಲ್ಲಿ ಎಲ್ಲೂ ಇಲ್ಲ.

ನನ್ನ ತಕರಾರು ‘ತಕ್ಷಣದ ಅಪಾಯ’ ಅನ್ನುವುದರ ಬಗ್ಗೆ. ಹೊಟ್ಟೆಯಲ್ಲಿ ಸೋಂಕಾಗಿ ಐಸಿಯುಗೆ ಹೋದವರಿಗೆ ಇದು ಸುಲಭವಾಗಿ ಹೊಂದುತ್ತದೆ. ಮೂಗು ಕಟ್ಟಿ ವರ್ಷಗಟ್ಟಲೆ ನಿದ್ದೆ ಕೆಡಿಸಿಕೊಂಡವಳಿಗೆ? ಸಾಯುವ ಹಾಗಾದರೆ ಮಾತ್ರ ಬನ್ನಿ ಅನ್ನೋದು ಯಾವ ನ್ಯಾಯ? ಆಕಾರ ಇಷ್ಟವಾಗಲಿಲ್ಲ, ಇನ್ನೊಮ್ಮೆ ಮಾಡಿಸುತ್ತೇನೆ ಅಂದರೆ ಕಂಪನಿ ಒಂದು ರೂಪಾಯಿಯೂ ಕೊಡಬೇಕಿಲ್ಲ. ಅದಕ್ಕೆ ಎಲ್ಲರ ಪ್ರೀಮಿಯಂ ಯಾಕೆ ಖರ್ಚಾಗಬೇಕು? ಆದರೆ ದೇಹದ ಒಂದು ಭಾಗ ತನ್ನ ಕೆಲಸ ಮಾಡುತ್ತಿಲ್ಲ ಅಂದರೆ ಅದು ಕಾಯಿಲೆ. ಹೇಗೆ ಬಂತು ಅನ್ನುವುದು ಆಮೇಲಿನ ಮಾತು. ಸಿಗರೇಟು ಸೇದಿ ಹಾರ್ಟ್ ಅಟ್ಯಾಕ್ ಆದವರಿಗೆ ಸ್ಟೆಂಟ್ ಹಾಕಿಸಲು ಕೊಡುತ್ತಾರೆ, ಅಲ್ವಾ?

ಬೇರೆ ದೇಶಗಳಲ್ಲೂ ಈ ಜಗಳ ಇದೆ. ಫ್ರಾನ್ಸಿನಲ್ಲಿ ಪಿಐಪಿ ಅನ್ನುವ ಕಂಪನಿ ಸ್ತನದ ಇಂಪ್ಲಾಂಟ್‌ಗಳಿಗೆ ಕಾರ್ಖಾನೆಗಳಲ್ಲಿ ಬಳಸುವ ಸಿಲಿಕೋನ್ ತುಂಬಿತ್ತು. 2010ರಲ್ಲಿ ಅದು ಹೊರಬಿತ್ತು. ಮರುವರ್ಷ ಅಲ್ಲಿನ ಸರ್ಕಾರ ಸುಮಾರು 30,000 ಹೆಂಗಸರಿಗೆ ಅವನ್ನು ತೆಗೆಸಿಕೊಳ್ಳಲು ಹೇಳಿತು. ತೆಗೆಸುವ ಖರ್ಚು ಎಲ್ಲರಿಗೂ ಸಿಕ್ಕಿತು. ಹೊಸದನ್ನು ಹಾಕಿಸುವ ಖರ್ಚು ಮಾತ್ರ ಕ್ಯಾನ್ಸರ್ ನಂತರ ಹಾಕಿಸಿಕೊಂಡವರಿಗಷ್ಟೇ. ನನಗೆ ಇದು ಸರಿಯಾದ ಗೆರೆ ಅನ್ನಿಸುತ್ತದೆ. ಜರ್ಮನಿಯದು ಸ್ವಲ್ಪ ಬಿಗಿ. ಕಾಸ್ಮೆಟಿಕ್ ಸರ್ಜರಿ, ಟ್ಯಾಟೂ, ಪಿಯರ್ಸಿಂಗ್‌ನಿಂದ ಕಾಯಿಲೆ ಬಂದರೆ ಚಿಕಿತ್ಸೆಯ ಖರ್ಚಿನಲ್ಲಿ ರೋಗಿಯೂ ಪಾಲು ಕೊಡಬೇಕು ಅಂತ ಅಲ್ಲಿ ಕಾನೂನಿದೆ. ಆದರೂ ಬರಿಗೈಯಲ್ಲಿ ಕಳಿಸುವುದಿಲ್ಲವಲ್ಲ.

ಇನ್ನೊಂದು ವಿಷಯ ನನಗೆ ಅರ್ಥವೇ ಆಗುವುದಿಲ್ಲ. ಕೆಡಿಸಿದ್ದು ಕ್ಲಿನಿಕ್. ದಂಡ ಕಟ್ಟುವುದು ಮಾತ್ರ ರೋಗಿ. ದುಡ್ಡು ಪಡೆದು ಚಿಕಿತ್ಸೆ ಕೊಡುವ ಡಾಕ್ಟರೂ ಗ್ರಾಹಕ ಕಾಯ್ದೆಗೆ ಬರುತ್ತಾರೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಕಂಪನಿ ಮೊದಲು ರೋಗಿಗೆ ದುಡ್ಡು ಕೊಡಲಿ, ಆಮೇಲೆ ಕ್ಲಿನಿಕ್ಕಿನಿಂದ ವಸೂಲಿ ಮಾಡಲಿ. ಕಂಪನಿಗೆ ವಕೀಲರಿದ್ದಾರೆ. ಮೂಗಿಗೆ ಪಟ್ಟಿ ಕಟ್ಟಿಕೊಂಡ ಹುಡುಗಿ ಎಷ್ಟು ಕೋರ್ಟು ಅಲೆಯಬೇಕು?

ಯಾರಿಗಾದರೂ ಹೀಗಾಗಿದ್ದರೆ ಬಾಯಿಮಾತಿನ ‘ಆಗಲ್ಲ’ ಕೇಳಿ ವಾಪಸ್ ಬರಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕ್ಲೇಮ್ ಕೊಡುತ್ತಿಲ್ಲ ಅಂತ ಕಂಪನಿ ತಿಳಿಸಲೇಬೇಕು. ಅದನ್ನು ಬರವಣಿಗೆಯಲ್ಲಿ ತಗೊಳ್ಳಿ. ಮೊದಲು ಕಂಪನಿಗೇ ದೂರು ಕೊಡಿ. ಬಗ್ಗದಿದ್ದರೆ ಒಂದು ವರ್ಷದೊಳಗೆ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದರೆ ಕಂಪನಿ ಮತ್ತು ಗ್ರಾಹಕರ ತಕರಾರು ಬಗೆಹರಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಡಾಕ್ಟರ ಪತ್ರದಲ್ಲಿ ಈಗಿನ ತೊಂದರೆ ಏನು, ಸರ್ಜರಿ ಮಾಡದಿದ್ದರೆ ಏನಾಗುತ್ತದೆ ಅನ್ನುವುದು ಬಿಡಿಸಿ ಬರೆದಿರಲಿ. ಮೊದಲು ಸರ್ಜರಿ ಮಾಡಿದ ಕ್ಲಿನಿಕ್ಕಿನಿಂದ ಕೇಸ್ ಶೀಟೂ ಇಸ್ಕೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ ನಿಯಮದಲ್ಲೇ ಇದೆ.