ಕೂಗಾಡಿದವನನ್ನೂ ನೆನೆಯಬೇಕಲ್ವಾ?

ಅಮೆರಿಕದ ಗುಲಾಮಗಿರಿ ಅಂದ ಕೂಡಲೇ ನಮಗೆ ನೆನಪಾಗುವುದು ಲಿಂಕನ್. ಅವರು ಹುಟ್ಟುವುದಕ್ಕೂ ಎಪ್ಪತ್ತು ವರ್ಷ ಮೊದಲೇ ನಾಲ್ಕಡಿ ಎತ್ತರದ, ಗೂನು ಬೆನ್ನಿನ ಬೆಂಜಮಿನ್ ಲೇ ಎಂಬಾತ ಇದರ ವಿರುದ್ಧ ಊರೂರಲ್ಲಿ ಜಗಳ ಕಾಯುತ್ತಿದ್ದ.

1738ರಲ್ಲಿ ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಕ್ವೇಕರರ ವಾರ್ಷಿಕ ಸಭೆ. ಯುದ್ಧ ಬೇಡ, ಆಡಂಬರ ಬೇಡ ಅನ್ನುವ ಕ್ರೈಸ್ತ ಪಂಥ ಇವರದು. ಆದರೆ ಎಷ್ಟೋ ಸಿರಿವಂತ ಕ್ವೇಕರರ ಮನೆಗಳಲ್ಲಿ ಗುಲಾಮರಿದ್ದರು. ತಾನೂ ಕ್ವೇಕರನೇ ಆಗಿದ್ದ ಲೇ ಎದ್ದು ನಿಂತು ನಿಲುವಂಗಿ ಕಳಚಿದ. ಒಳಗೆ ಸೈನಿಕನ ವೇಷ, ಸೊಂಟದಲ್ಲಿ ಕತ್ತಿ! ಕೈಯಲ್ಲಿದ್ದ ಪುಸ್ತಕವನ್ನು ಕತ್ತಿಯಿಂದ ತಿವಿದ. 'ರಕ್ತ' ಚಿಮ್ಮಿ ಸುತ್ತ ಕೂತವರ ಮೇಲೆ ಬಿತ್ತು. ಪುಸ್ತಕದ ಒಳಗನ್ನು ಕೊರೆದು, ಕೆಂಪು ಕಾಡುಹಣ್ಣಿನ ರಸ ತುಂಬಿದ ಚೀಲವನ್ನು ಮೊದಲೇ ಇಟ್ಟಿದ್ದನಂತೆ. ಆತನನ್ನು ಹೊರಗೆ ಹಾಕಿದರು, ಇನ್ನೇನು ಮಾಡುತ್ತಾರೆ!

ಈ ಸಿಟ್ಟು ಸುಮ್ನೆ ಬಂದದ್ದಲ್ಲ. ಮೊದಲು ಬಾರ್ಬಡೋಸ್‌ನಲ್ಲಿ ಆತ, ಹೆಂಡತಿ ಸಾರಾ ಅಂಗಡಿ ಇಟ್ಟಿದ್ದರು. ಕಬ್ಬಿನ ತೋಟಗಳ ಗುಲಾಮರು ಹಸಿದು ಅಲ್ಲಿಗೆ ಬರುತ್ತಿದ್ದರು, ಕೆಲವೊಮ್ಮೆ ಕದಿಯುತ್ತಿದ್ದರು. ಕದ್ದವರಿಗೆ ಲೇ ಕೆಲವು ಸಲ ಬಾರಿಸಿಯೂ ಇದ್ದ. ಆಮೇಲೆ ಅದಕ್ಕೆ ಪಶ್ಚಾತ್ತಾಪಪಟ್ಟು ತಾನೇ ಬರೆದುಕೊಂಡ. ನನಗೆ ಆತ ಇಷ್ಟವಾಗುವುದು ಇಲ್ಲೇ. ಪೆನ್ಸಿಲ್ವೇನಿಯಾದ ಆಬಿಂಗ್ಟನ್‌ಗೆ ಬಂದ ಮೇಲೆ ಗುಹೆಯಂಥ ಮನೆಯಲ್ಲಿದ್ದ. ಮಾಂಸ ಬಿಟ್ಟ, ತಾನೇ ನೂತ ಬಟ್ಟೆ ಉಟ್ಟ. ಗುಲಾಮರ ದುಡಿಮೆಯಿಂದ ಬಂದ ಯಾವುದನ್ನೂ ಮುಟ್ಟಲಿಲ್ಲ. ಗುಲಾಮಗಿರಿಯ ವಿರುದ್ಧ ಆತ ಬರೆದ ಪುಸ್ತಕವನ್ನು ಅಚ್ಚು ಹಾಕಿದ್ದು ಬೆಂಜಮಿನ್ ಫ್ರಾಂಕ್ಲಿನ್. ಆದರೆ ಮುದ್ರಕನ ಹೆಸರು ಹಾಕಲಿಲ್ಲ! ಫ್ರಾಂಕ್ಲಿನ್ ಮನೆಯಲ್ಲೂ ಗುಲಾಮರಿದ್ದರು ನೋಡಿ.

ಆಮೇಲೆ ಬಂದ ಇನ್ನೊಬ್ಬ ಕ್ವೇಕರ ಜಾನ್ ವೂಲ್ಮನ್ ಸ್ವಭಾವದಲ್ಲಿ ಲೇಗೆ ತದ್ವಿರುದ್ಧ. ನ್ಯೂಜೆರ್ಸಿಯ ಮೌಂಟ್ ಹಾಲಿಯಲ್ಲಿ ಒಂದು ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಮಾಲೀಕ ಒಬ್ಬ ಗುಲಾಮ ಹೆಂಗಸಿನ ಮಾರಾಟದ ಪತ್ರ ಬರೆಯಲು ಹೇಳಿದ. ಮನಸ್ಸು ಒಪ್ಪದಿದ್ದರೂ ಬರೆದುಕೊಟ್ಟ. ಇನ್ನೊಂದು ಸಲ ಮತ್ತೊಬ್ಬರು ಕೇಳಿದಾಗ ಆಗಲ್ಲ ಅಂದ. ಮುಂದೆ ಮನೆಮನೆಗೆ ಹೋಗಿ ಮೆತ್ತಗೆ ಬುದ್ಧಿ ಹೇಳಿದ. ಎಲ್ಲರೂ ಹೊಗಳುವುದು ಈತನನ್ನೇ. 'ನೋಡಿ, ಕೂಗಾಡದೆ ಗೆದ್ದ' ಅಂತ. ನನಗಂತೂ ಅದು ಅರ್ಧ ಸತ್ಯ ಅನಿಸುತ್ತದೆ. ಲೇ ಇಪ್ಪತ್ತು ವರ್ಷ ಅವರ ನಿದ್ದೆ ಕೆಡಿಸದಿದ್ದರೆ ವೂಲ್ಮನ್‌ಗೆ ಯಾರು ಬಾಗಿಲು ತೆಗೆಯುತ್ತಿದ್ದರು?

ಗುಲಾಮರನ್ನು ಕೊಳ್ಳುವ, ಮಾರುವ ಕ್ವೇಕರರಿಗೆ ಸಂಘದ ಕೆಲಸಗಳಲ್ಲಿ ಜಾಗವಿಲ್ಲ ಅಂತ ತೀರ್ಮಾನವಾದದ್ದು 1758ರಲ್ಲಿ. ಸುದ್ದಿ ಕೇಳಿದ ಮುದುಕ ಲೇ, ಇನ್ನು ನಾನು ನೆಮ್ಮದಿಯಾಗಿ ಸಾಯಬಹುದು ಅಂದನಂತೆ. ಮರುವರ್ಷ ತೀರಿಕೊಂಡ. ಆಬಿಂಗ್ಟನ್‌ನ ಕ್ವೇಕರರು ಆತನ ಹೆಸರಿನ ಕಲ್ಲು ನಿಲ್ಲಿಸಿದ್ದು 2018ರಲ್ಲಿ.