ಮಿಲ್ಲಿನ ಚಾಳಿನ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ

ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ಒಂದು ಮಿಲ್ಲಿನ ಚಾಳಿನಲ್ಲಿ. ಹಂಚಿನ ಮನೆಗಳ ಸಾಲು. ಮನೆಗೆ ಎರಡು ಕೋಣೆ, ಮುಂದೊಂದು ಕಟ್ಟೆ. ಮಿಲ್ಲಿನ ಭೋಂಗಾ ಕೇಳಿದರೆ ಅಪ್ಪ ಪಾಳಿಗೆ ಹೊರಟರು ಅಂತ ಲೆಕ್ಕ. ಕ್ಯಾಲೆಂಡರ್ ಹಾಕಲು ಗೋಡೆಗೆ ಮೊಳೆ ಹೊಡೆಯಲು ಹೋದರೆ ಅವ್ವ ತಡೆಯುತ್ತಿದ್ದಳು. "ಬ್ಯಾಡೋ, ಇದು ನಮ್ಮ ಮನಿ ಅಲ್ಲ. ಮಿಲ್ಲಿಂದು." ಹದಿನೆಂಟು ವರ್ಷ ಆ ಗೋಡೆಗೆ ಸುಣ್ಣ ಹಚ್ಚಿದವಳು ಅವಳೇ.

ಮಿಲ್ಲು ನಿಂತಿತು. ಮನೆ ಬಿಡಿ ಅಂತ ಕಾಗದ ಬಂತು. ಟಂಟಂನಲ್ಲಿ ಪಾತ್ರೆ, ಹಾಸಿಗೆ ಹೇರಿಕೊಂಡು ಹೊರಟ ದಿನ ಅಪ್ಪ ಒಂದು ಮಾತೂ ಆಡಲಿಲ್ಲ. ಹಿತ್ತಲಿನ ಕರಿಬೇವಿನ ಗಿಡ ಅಲ್ಲೇ ಉಳಿಯಿತು.

ಅದಕ್ಕೇ ಕಾರ್ಮಿಕರಿಗಾಗಿ ಕಟ್ಟಿದ ಮಾದರಿ ಊರುಗಳ ಕಥೆ ಎಲ್ಲಿ ಸಿಕ್ಕರೂ ನಾನು ಬಿಡದೆ ಓದುತ್ತೇನೆ. ಓದುವಾಗ ಮೊದಲು ಹುಡುಕುವುದು ಒಂದೇ ವಿಷಯ. ಕೆಲಸ ಹೋದ ಮೇಲೆ ಆ ಮನೆ ಯಾರದ್ದು?

ನಮಗೆ ಹತ್ತಿರದ ಕಥೆ ಕಿರ್ಲೋಸ್ಕರವಾಡಿಯದು. ಹುಬ್ಬಳ್ಳಿಯಿಂದ ಮೀರಜ್ ದಾಟಿ ಪುಣೆಗೆ ಹೋಗುವ ರೈಲಿನಲ್ಲಿ ಕೂತರೆ ಆ ಸ್ಟೇಷನ್ ಸಿಗುತ್ತದೆ. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಆದರೆ ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಅಂತ ರೈತರಿಗೆ ಭಯ. ಮರದ ರಂಟೆ ಬಿಟ್ಟು ಇದನ್ನು ಮುಟ್ಟುವವರೇ ಇರಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ.

ಅಷ್ಟರಲ್ಲಿ ಊರು ಬೆಳೆಸಬೇಕು, ಜಾಗ ಖಾಲಿ ಮಾಡಿ ಅಂತ ಬೆಳಗಾವಿಯಲ್ಲಿ ಅವರಿಗೂ ಹೇಳಿದರು. ಅಂದರೆ ಮಾದರಿ ಊರು ಕಟ್ಟಿದ ಮನುಷ್ಯನೇ ಮೊದಲು ಜಾಗ ಕಳೆದುಕೊಂಡವನು! ಕೈ ಹಿಡಿದದ್ದು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ಸ್ಟೇಷನ್ ಪಕ್ಕ 32 ಎಕರೆ ಜಮೀನು ಕೊಟ್ಟರು. ಜೊತೆಗೆ 10,000 ರೂಪಾಯಿ ಸಾಲ, ಬಡ್ಡಿ ಇಲ್ಲದೆ. ಜಮೀನು ಅಂದರೆ ಬರೀ ಪಾಪಾಸುಕಳ್ಳಿ, ಹಾವು. 1910ರಲ್ಲಿ ಒಂದಷ್ಟು ಕುಟುಂಬಗಳು ಅಲ್ಲಿಗೆ ಬಂದು ಇಳಿದವು. ಜಾಗ ಹಸನು ಮಾಡಿದ್ದು ಅವರದೇ ಕೈ.

ಈ ಊರಿನ ಬಗ್ಗೆ ನನಗೆ ಜಾಸ್ತಿ ಗೌರವ ಬಂದದ್ದು ಬೇರೆ ಕಾರಣಕ್ಕೆ. ಲಕ್ಷ್ಮಣರಾವ್ ಅಲ್ಲಿ ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ. ಜೈಲಿನಿಂದ ಬಿಡುಗಡೆಯಾದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು. ನೂರು ವರ್ಷದ ಹಿಂದಿನ ಮಾತಿದು. ಇವತ್ತೂ ಜಾತಿ ಕೇಳಿ ಮನೆ ಬಾಡಿಗೆಗೆ ಕೊಡುತ್ತಾರೆ, ಅಲ್ವಾ? ಆ ಸಂಕಟ ಚಾಳು ಬಿಟ್ಟ ಮೇಲೆ ನಾವೂ ಉಂಡಿದ್ದೇವೆ.

ಇನ್ನೊಂದು ಊರು ಇಂಗ್ಲೆಂಡಿನ ಸಾಲ್ಟೇರ್. ಅದರ ಪಕ್ಕದ ಪಟ್ಟಣ ಬ್ರ್ಯಾಡ್‌ಫರ್ಡ್‌ನಲ್ಲಿ ಹೊಗೆ, ಕೊಳಕು ನೀರು, 1849ರಲ್ಲಿ ಕಾಲರಾ. ಉಣ್ಣೆ ಮಿಲ್ಲುಗಳ ಮಾಲೀಕ ಟೈಟಸ್ ಸಾಲ್ಟ್ ಊರ ಹೊರಗೆ ಏರ್ ನದಿಯ ದಡದಲ್ಲಿ ದೊಡ್ಡ ಮಿಲ್ಲು ಕಟ್ಟಿಸಿದ. 1853ರಲ್ಲಿ, ತನ್ನ ಐವತ್ತನೇ ಹುಟ್ಟುಹಬ್ಬದ ದಿನ, ಅದನ್ನು ತೆರೆದ. ಸುತ್ತ 800ಕ್ಕೂ ಹೆಚ್ಚು ಕಲ್ಲಿನ ಮನೆ. ಮನೆಮನೆಗೆ ನಲ್ಲಿ ನೀರು, ಗ್ಯಾಸ್ ದೀಪ, ಸ್ವಂತ ಪಾಯಿಖಾನೆ. ನಮ್ಮ ಚಾಳಿನಲ್ಲಿ ನೂರು ವರ್ಷ ಕಳೆದ ಮೇಲೂ ಆರು ಮನೆಗೆ ಒಂದೇ ನಲ್ಲಿ ಇತ್ತು. ಕೆಲಸ ಮಾಡಿ ಮುಪ್ಪಾದವರಿಗೆ ಅಂತಲೇ ಅಲ್ಲಿ 45 ಮನೆ ಕಟ್ಟಿಸಿದ್ದ. ಇದನ್ನು ಓದಿದಾಗ ಅಪ್ಪ ನೆನಪಾಗಿ ಸುಮ್ನೆ ಕೂತುಬಿಟ್ಟೆ.

ಆದರೆ ಮನೆಗಳೆಲ್ಲ ಬಾಡಿಗೆಯವು. ಬೀದಿಗಳಿಗೆ ಸಾಹೇಬನ ಹೆಂಡತಿ, ಮಕ್ಕಳ ಹೆಸರು. ಊರಲ್ಲಿ ಹೆಂಡದಂಗಡಿ ಇಲ್ಲ. ಅದು ಒಳ್ಳೆಯದೇ ಅನ್ನೋಣ. ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದೂ ಅವನಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಬಟ್ಟೆ ಒಗೆಯಲು ಬೇರೆ ಕಟ್ಟಡವನ್ನೇ ಕಟ್ಟಿಸಿದ. ಹೆಂಗಸರು ಅದನ್ನು ಅಷ್ಟಾಗಿ ಬಳಸಲಿಲ್ಲ. ನನ್ನ ಅವ್ವನೂ ಬಳಸುತ್ತಿರಲಿಲ್ಲ ಬಿಡಿ. ತನ್ನ ಸೀರೆ ತನ್ನ ಬಾಗಿಲ ಮುಂದೆ ಒಣಗಬೇಕು ಅನ್ನುವವಳು.

ಮಿಲ್ಲು 1986ರಲ್ಲಿ ಮುಚ್ಚಿತು. 2001ರಲ್ಲಿ ಸಾಲ್ಟೇರ್ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮನೆಗಳು ಇವತ್ತಿಗೂ ನಿಂತಿವೆ, ಜನ ವಾಸವಾಗಿದ್ದಾರೆ. ನಮ್ಮ ಚಾಳಿನ ಒಂದು ಹಂಚೂ ಉಳಿದಿಲ್ಲ.

ಮಾಲೀಕ ಒಳ್ಳೆಯವನಾದರೆ ಊರು ಒಳ್ಳೆಯದಾಗುತ್ತದೆ, ನಿಜ. ಆದರೆ ಕಾರ್ಮಿಕನ ಮನೆ ಮಾಲೀಕನ ಒಳ್ಳೆಯತನದ ಮೇಲೆ ನಿಲ್ಲಬಾರದು. ಅದು ಅವನ ಹೆಸರಿನ ಕಾಗದದ ಮೇಲೆ ನಿಲ್ಲಬೇಕು. ಇದಕ್ಕೆ ದಾರಿ ತೋರಿಸಿದ್ದೂ ನಮ್ಮ ಕಡೆಯವರೇ. ಕಿರ್ಲೋಸ್ಕರವಾಡಿಗಿಂತ ಐದು ವರ್ಷ ಮೊದಲು, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ ರೈತ ತನ್ನದೇ ಸಂಘದ ಸದಸ್ಯನಾದ. ಸಾಲಕ್ಕೆ ಆದದ್ದು ಸೂರಿಗೆ ಯಾಕೆ ಆಗಬಾರದು?

ಇವತ್ತು ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶಗಳ ಸುತ್ತ ನೋಡಿ. ಒಂದು ರೂಮಿನಲ್ಲಿ ನಾಲ್ಕೈದು ಹುಡುಗರು. ಪಾಳಿ ಪ್ರಕಾರ ಮಲಗುತ್ತಾರೆ, ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ. ಮದುವೆಯಾದವನು ಹೆಂಡತಿಯನ್ನು ಹಳ್ಳಿಯಲ್ಲಿ ಬಿಟ್ಟು ಬಂದಿರುತ್ತಾನೆ. ಕಾರ್ಖಾನೆಗೆ ಜಮೀನು ಗುರುತಿಸುವಾಗಲೇ ಒಂದು ಪಾಲು ಕಾರ್ಮಿಕರ ಗೃಹ ನಿರ್ಮಾಣ ಸಹಕಾರ ಸಂಘಗಳಿಗೆ ಮೀಸಲಿಡಬೇಕು. ಗುತ್ತಿಗೆ ಕೆಲಸಗಾರರಿಗೂ ಸದಸ್ಯತ್ವ ಕೊಡಬೇಕು. ಕಂತು ಕಟ್ಟಲಿ, ನಿವೇಶನ ಅವರ ಹೆಸರಿಗಾಗಲಿ. ಕೆಲಸ ಹೋದರೂ ಬಾಗಿಲಿನ ಕೀಲಿ ಅವರ ಹತ್ತಿರವೇ ಇರಲಿ.

ಆ ಕಡೆ ಕೆಲಸ ಮಾಡುವ ನಾಲ್ಕು ಜನ ಸೇರಿ ಇಂಥ ಸಂಘ ಮಾಡುವ ಯೋಚನೆ ಇದ್ದರೆ ನನಗೊಂದು ಮಾತು ತಿಳಿಸಿ. ನಾನೀಗ ನಿವೃತ್ತ. ಅರ್ಜಿ ಬರೆಯಲು, ಕಚೇರಿಗೆ ಓಡಾಡಲು ನಾನೂ ಬರುತ್ತೇನೆ.